ಕಾನೂನಿನ ಕಣ್ಣಿಗೆ ಬೀಳದ ಒಂಬತ್ತು ತಿಂಗಳು

ಬಳ್ಳಾರಿ ಜಿಲ್ಲೆಯ ಕೆಂಚನಗುಡ್ಡದಂಥ ಊರಿನಲ್ಲಿ ಹೆಣ್ಣುಮಗಳೊಬ್ಬಳು ಬಸುರಿಯಾದರೆ ಅದನ್ನು ಮೊದಲು ಬರೆದುಕೊಳ್ಳುವವರು ಆಶಾ ಕಾರ್ಯಕರ್ತೆ. 12 ವಾರ ತುಂಬುವುದರೊಳಗೆ ಹೆಸರು ನೋಂದಣಿಯಾಗಬೇಕು, ತಾಯಿ ಕಾರ್ಡ್ ಕೈಗೆ ಬರಬೇಕು, ರಕ್ತಪರೀಕ್ಷೆ ಆಗಬೇಕು ಎಂಬುದು ಆರೋಗ್ಯ ಇಲಾಖೆಯ ಗುರಿ. ಅದೇ ಹೆಣ್ಣುಮಗಳು ಅದೇ ವಾರ ಬಳ್ಳಾರಿಯ ಜೀನ್ಸ್ ಘಟಕಕ್ಕೋ ಸಿರುಗುಪ್ಪದ ಖಾಸಗಿ ಶಾಲೆಗೋ ಕುರುಗೋಡಿನ ಅಂಗಡಿಗೋ ಹೊಸದಾಗಿ ಕೆಲಸ ಕೇಳಿಕೊಂಡು ಹೊರಟರೆ, ಅವಳ ಒಳಿತು ಬಯಸುವವರು ಹೇಳುವ ಮಾತು ಬೇರೆ: ‘ಈಗೇನೂ ಹೇಳಬ್ಯಾಡವ್ವ, ಮೊದ್ಲು ಸೇರ್ಕೋ.’ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ದಾಖಲಾದ ಸಂಗತಿ ಹಾಜರಿ ಪುಸ್ತಕ ಇಟ್ಟುಕೊಂಡವರಿಗೆ ಗೊತ್ತಾಗಬಾರದು.

ಈ ಮುಚ್ಚಿಡುವಿಕೆಯನ್ನು ನಾವು ಹೆಣ್ಣಿನ ಜಾಣತನ ಎಂದೋ ಮೋಸ ಎಂದೋ ಕರೆದು ಸುಮ್ಮನಾಗುತ್ತೇವೆ. ನನ್ನ ಮಟ್ಟಿಗೆ ಇದನ್ನು ಹುಟ್ಟಿಸಿರುವುದು ನಮ್ಮ ಕಾನೂನೇ. ಕೆಲಸಕ್ಕೆ ಸೇರಿ ಕೆಲವು ತಿಂಗಳು ಕಳೆದವಳನ್ನು ನಮ್ಮ ಹೆರಿಗೆ ಸೌಲಭ್ಯದ ಕಾನೂನು ಸಾಕಷ್ಟು ಚೆನ್ನಾಗಿಯೇ ಕಾಯುತ್ತದೆ. ಸೇರಲು ಬಂದು ಬಾಗಿಲಲ್ಲಿ ನಿಂತವಳ ಬಗ್ಗೆ ಅದು ಏನೂ ಹೇಳುವುದಿಲ್ಲ. ನಿನ್ನೆ ಮೊನ್ನೆ ಸೇರಿದವಳಿಗೆ ಅಲ್ಪಸ್ವಲ್ಪ ಕೊಡುತ್ತದೆ, ಅದೂ ಎಲ್ಲರಿಗೂ ಅಲ್ಲ.

ಬಾಗಿಲಲ್ಲಿ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನಲ್ಲೇ ಹಳೆಯ ದಾಖಲೆಯಿದೆ. ನೀರಾ ಮಾಥುರ್ ಎಂಬವರು 1989ರ ಸೆಪ್ಟೆಂಬರ್‌ನಲ್ಲಿ ಭಾರತೀಯ ಜೀವ ವಿಮಾ ನಿಗಮದಲ್ಲಿ ಪ್ರೊಬೇಷನ್ ಮೇಲೆ ಸಹಾಯಕಿಯಾಗಿ ಸೇರಿದರು. ಪರೀಕ್ಷೆ, ಸಂದರ್ಶನ ಮುಗಿದಿತ್ತು. ನಿಗಮವೇ ಗೊತ್ತುಮಾಡಿದ್ದ ವೈದ್ಯೆ ತಪಾಸಣೆ ಮಾಡಿ, ಕೆಲಸಕ್ಕೆ ಅರ್ಹರು ಎಂದಿದ್ದರು. 1990ರ ಜನವರಿಯಲ್ಲಿ ಮಗು ಹುಟ್ಟಿತು. ಫೆಬ್ರುವರಿಯಲ್ಲಿ, ಇನ್ನೂ ರಜೆಯಲ್ಲಿರುವಾಗಲೇ, ಕೆಲಸದಿಂದ ತೆಗೆದರು. ನಿಗಮ ಆಮೇಲೆ ಕೊಟ್ಟ ಕಾರಣ ಸುಳ್ಳು ಘೋಷಣೆ. ಸೇರುವಾಗ ತುಂಬಿಕೊಟ್ಟ ನಮೂನೆಯಲ್ಲಿ ಕೊನೆಯ ಮುಟ್ಟಿನ ದಿನಾಂಕ, ಮುಟ್ಟು ಸರಿಯಾಗಿ ಆಗುತ್ತದೆಯೇ, ಎಷ್ಟು ಸಲ ಬಸುರಾಗಿದ್ದೀರಿ, ಗರ್ಭಪಾತ ಆಗಿದೆಯೇ ಎಂಬ ಪ್ರಶ್ನೆಗಳಿದ್ದವು. ದೆಹಲಿ ಹೈಕೋರ್ಟ್ ಅವರ ಅರ್ಜಿಯನ್ನು ಆರಂಭದಲ್ಲೇ ವಜಾ ಮಾಡಿತು. 1991ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಹೇಳಿತು, ಇಂಥ ಪ್ರಶ್ನೆಗಳು ಹೆಣ್ಣಿನ ಮರ್ಯಾದೆಗೆ ಕುಂದು ಎಂದಿತು, ನಮೂನೆಯಿಂದ ಆ ಕಾಲಂಗಳನ್ನೇ ತೆಗೆದುಹಾಕಿ ಎಂದು ನಿಗಮಕ್ಕೆ ಸೂಚಿಸಿತು.

ಅಲ್ಲಿಗೆ ಈ ವಿಷಯ ಮುಗಿಯಬೇಕಿತ್ತು. ಮೂವತ್ತು ವರ್ಷದ ನಂತರ, 2021ರ ಡಿಸೆಂಬರ್ 31ರಂದು, ಭಾರತೀಯ ಸ್ಟೇಟ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಮೂರು ತಿಂಗಳು ಮೀರಿದ ಗರ್ಭಿಣಿಯರು ಹೊಸ ನೇಮಕಾತಿಗೆ ‘ತಾತ್ಕಾಲಿಕವಾಗಿ ಅನರ್ಹರು’, ಹೆರಿಗೆಯಾದ ನಾಲ್ಕು ತಿಂಗಳೊಳಗೆ ಬಂದು ಸೇರಬಹುದು ಎಂಬುದು ಅದರ ಸಾರ. ಅದಕ್ಕೆ ಮುಂಚೆ ಆರು ತಿಂಗಳ ಗರ್ಭಿಣಿಯವರೆಗೆ ಅವಕಾಶವಿತ್ತು. ದೆಹಲಿ ಮಹಿಳಾ ಆಯೋಗ ನೋಟಿಸ್ ಕೊಟ್ಟು ದೇಶದಾದ್ಯಂತ ವಿರೋಧ ಎದ್ದ ಮೇಲೆ, 2022ರ ಜನವರಿ ಕೊನೆಯಲ್ಲಿ ಬ್ಯಾಂಕು ಸುತ್ತೋಲೆಯನ್ನು ಹಿಂದೆ ಪಡೆಯಿತು. ಆರು ತಿಂಗಳೊಳಗೆ ಇಂಡಿಯನ್ ಬ್ಯಾಂಕಿನ ಇಂಥದೇ 12 ವಾರಗಳ ನಿಯಮ ಸುದ್ದಿಯಾಯಿತು. ಆಶಾ ಕಾರ್ಯಕರ್ತೆ ಯಾವ ವಾರದೊಳಗೆ ನೋಂದಣಿ ಮಾಡಿಸು ಎನ್ನುತ್ತಾರೋ ಅದೇ ವಾರ ಬ್ಯಾಂಕುಗಳಿಗೆ ಹೆಣ್ಣು ಬೇಡವಾಗುವ ಗಡಿಯಾಗಿತ್ತು.

ಇವೆಲ್ಲ ಸರ್ಕಾರಿ ಸಂಸ್ಥೆಗಳು. ಸಂವಿಧಾನದ 14, 15, 16ನೇ ವಿಧಿಗಳು ನೇರವಾಗಿ ಕಟ್ಟಿಹಾಕುವ ಸಂಸ್ಥೆಗಳು. ಹಾಗಾಗಿ ಬರೆದ ನಿಯಮ ಸಿಕ್ಕಿತು, ಪ್ರಶ್ನಿಸಲು ಸಾಧ್ಯವಾಯಿತು. ಖಾಸಗಿ ಶಾಲೆ, ನರ್ಸಿಂಗ್ ಹೋಮ್, ಬಟ್ಟೆ ಅಂಗಡಿಗಳಲ್ಲಿ ನಿಯಮ ಬರೆದಿರುವುದಿಲ್ಲ. ‘ಮದುವಿ ಆಗಿ ಎಷ್ಟು ವರ್ಷ ಆತು? ಮಕ್ಕಳು ಎಷ್ಟು?’ ಎಂದು ಕೇಳಿದರೆ ಸಾಕು. ಮದುವೆಯಾಗಿ ವರ್ಷವಾಗಿದೆ, ಮಕ್ಕಳಿಲ್ಲ ಎಂಬ ಉತ್ತರ ಬಂದರೆ ಎದುರಿಗೆ ಕೂತವರ ಲೆಕ್ಕ ಶುರುವಾಗುತ್ತದೆ. ಮಗುವಿಗಾಗಿ ವರ್ಷಗಟ್ಟಲೆ ಆಸ್ಪತ್ರೆ ಅಲೆಯುತ್ತಿರುವವಳಿಗೆ ಈ ಪ್ರಶ್ನೆ ಎರಡು ಕಡೆ ಚುಚ್ಚುತ್ತದೆ: ಇನ್ನೂ ಹುಟ್ಟದ, ಹುಟ್ಟುತ್ತದೋ ಇಲ್ಲವೋ ಗೊತ್ತಿಲ್ಲದ ಮಗುವಿಗಾಗಿ ಅವಳು ಕೆಲಸವನ್ನೂ ಕಳೆದುಕೊಳ್ಳುತ್ತಾಳೆ. ನೇಮಕಾತಿಯಲ್ಲಿ ಲಿಂಗಭೇದ ಮಾಡಬಾರದು ಎಂದು 1976ರ ಸಮಾನ ವೇತನ ಕಾಯ್ದೆ ಹೇಳಿತ್ತು, 2019ರ ವೇತನ ಸಂಹಿತೆಯೂ ಹೇಳುತ್ತದೆ. ಬಸುರು ಎಂಬ ಕಾರಣಕ್ಕೆ ನಿರಾಕರಿಸಬಾರದು, ಅದರ ಬಗ್ಗೆ ಕೇಳಲೇಬಾರದು ಎಂದು ಎರಡರಲ್ಲೂ ಬಿಡಿಸಿ ಬರೆದಿಲ್ಲ.

ಹೇಗೋ ಸೇರಿಕೊಂಡಳು ಎನ್ನೋಣ. ಮುಂದಿನದು ದಿನಗಳ ಲೆಕ್ಕ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಪ್ರಕಾರ, ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಆ ಮಾಲೀಕರ ಬಳಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕಿತ್ತು. 1988ರ ತಿದ್ದುಪಡಿಗೆ ಮೊದಲು ಇದು 160 ದಿನ ಇತ್ತು. 2017ರಲ್ಲಿ ರಜೆ 12 ವಾರದಿಂದ 26 ವಾರಕ್ಕೆ ಏರಿತು, 80 ದಿನ ಹಾಗೇ ಉಳಿಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೂ ಅದೇ 80 ದಿನ ಬಂದು ಕೂತಿದೆ. ವೇತನಸಹಿತ ರಜಾದಿನಗಳೂ ಇದರಲ್ಲಿ ಸೇರುವುದರಿಂದ ಐದನೇ ತಿಂಗಳಲ್ಲಿ ಸೇರಿದವಳೂ ಈ ಗೆರೆ ದಾಟಬಹುದು. ಇಷ್ಟರಮಟ್ಟಿಗೆ ಇದು ಉದಾರ ಕಾನೂನೇ. ಆದರೆ ಹಿಂದಿನ ಮಾಲೀಕರ ಬಳಿ ಹತ್ತು ವರ್ಷ ದುಡಿದವಳೂ ಕೆಲಸ ಬದಲಿಸಿದ ದಿನ ಸೊನ್ನೆಯಿಂದಲೇ ಎಣಿಸಬೇಕು.

ಕಡಿಮೆ ಸಂಬಳದವಳ ಲೆಕ್ಕ ಇನ್ನೂ ಬಿಗಿ, ಅದನ್ನು ಹೆಚ್ಚು ಜನ ಗಮನಿಸಿಲ್ಲ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು, ಅಂದರೆ ಹೊಲಿಗೆ ಯಂತ್ರದ ಮುಂದೆ ಕೂರುವ ಬಹುಪಾಲು ಹೆಣ್ಣುಮಕ್ಕಳು, ನೋಂದಾಯಿತ ಕಾರ್ಖಾನೆಯಲ್ಲಿದ್ದರೆ ನೌಕರರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಗೆ ಬರುತ್ತಾರೆ. ಅವರಿಗೆ ಹೆರಿಗೆ ಭತ್ಯೆ ಕೊಡುವುದು ಮಾಲೀಕರಲ್ಲ, ಇಎಸ್‌ಐ ನಿಗಮ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನಗಳ ವಂತಿಗೆ ಇರಬೇಕು. 80ಕ್ಕಿಂತ 70 ಕಡಿಮೆಯಲ್ಲವೇ ಎನಿಸಬಹುದು. ತೊಡಕಿರುವುದು ಮೊದಲ ಸಲ ಸೇರುವವಳಿಗೆ. ಅವಳ ಸೌಲಭ್ಯದ ಅವಧಿ ಆರಂಭವಾಗುವುದೇ ಕೆಲಸಕ್ಕೆ ಸೇರಿ ಒಂಬತ್ತು ತಿಂಗಳು ಮುಗಿದ ಮೇಲೆ. ಹೆರಿಗೆ ಆ ಅವಧಿಯೊಳಗೇ ಆಗಬೇಕು. ಎರಡು ತಿಂಗಳ ಬಸುರಿನಲ್ಲಿ ಮೊದಲ ಬಾರಿ ಕಾರ್ಖಾನೆ ಮೆಟ್ಟಿಲು ಹತ್ತಿದವಳು ಒಂದು ದಿನವೂ ತಪ್ಪಿಸದೆ ಏಳು ತಿಂಗಳು ದುಡಿದು, ತಿಂಗಳು ತಿಂಗಳೂ ತನ್ನ ಸಂಬಳದಿಂದ ವಂತಿಗೆ ಕಟ್ಟಿ, ಇಎಸ್‌ಐ ಹೆರಿಗೆ ಭತ್ಯೆ ಇಲ್ಲದೆ ತವರಿಗೆ ಹೋಗುತ್ತಾಳೆ.  ಅದೇ ಕಾರ್ಖಾನೆಯ ಆಫೀಸಿನಲ್ಲಿ 30,000 ಸಂಬಳಕ್ಕೆ ಅದೇ ದಿನ, ಅಷ್ಟೇ ತಿಂಗಳ ಬಸುರಿನಲ್ಲಿ ಸೇರಿದವಳಿಗೆ 80 ದಿನ ಸಾಕು, 26 ವಾರ ಪೂರ್ತಿ ಸಂಬಳ. ಹೆಚ್ಚು ಬಡವಳನ್ನು ಹೆಚ್ಚು ಕಾಯಿಸುವ ಈ ನಿಯಮಕ್ಕೆ ಸಮರ್ಥನೆ ನನಗೆ ಕಾಣುತ್ತಿಲ್ಲ. ಕಾಯಿಲೆ ಭತ್ಯೆಗೆ ಕಾಯುವ ಅವಧಿ ಇಟ್ಟರೆ ಅರ್ಥವಾಗುತ್ತದೆ. ಒಂಬತ್ತು ತಿಂಗಳಿಗೆ ಹುಟ್ಟುವ ಮಗುವಿಗೂ ಅದೇ ಅಳತೆ ಇಡುವುದೆಂದರೆ, ಸೇರುವಾಗಲೇ ಬಸುರಿಯಾಗಿದ್ದ ಪ್ರತಿಯೊಬ್ಬಳನ್ನೂ ಹೊರಗಿಟ್ಟಂತೆ.

ಬಳ್ಳಾರಿಯ ಜೀನ್ಸ್ ಉದ್ಯಮದ ದೊಡ್ಡ ಭಾಗಕ್ಕೆ ಈ ಲೆಕ್ಕವೂ ತಲುಪುವುದಿಲ್ಲ. ಕತ್ತರಿಸುವುದು ಒಂದು ಕಡೆ, ಹೊಲಿಯುವುದು ಇನ್ನೊಂದು ಕಡೆ, ಒಗೆಯುವುದು ಮತ್ತೊಂದು ಕಡೆ. ಗುಂಡಿ ಹಾಕುವುದು, ದಾರ ಕತ್ತರಿಸುವುದು ಮನೆಮನೆಯಲ್ಲಿ, ಪೀಸಿಗೆ ಇಷ್ಟು ಎಂದು. ಹತ್ತು ಜನರಿಗಿಂತ ಕಡಿಮೆ ಇದ್ದ ಕಡೆ ಇಎಸ್‌ಐ ಇಲ್ಲ, ಅಂಗಡಿ-ಮುಂಗಟ್ಟುಗಳಿಗೆ ಹೆರಿಗೆ ಸೌಲಭ್ಯವೂ ಹತ್ತು ಜನರಿಂದಲೇ ಶುರು.

ಇನ್ನು ಹೊಲ. ತುಂಗಭದ್ರೆಯ ನೀರುಂಡ ಸಿರುಗುಪ್ಪದ ಗದ್ದೆಗಳಲ್ಲಿ ನಾಟಿ ಶುರುವಾದರೆ ಹೆಣ್ಣಾಳುಗಳ ಗುಂಪಿಗೆ ಎಕರೆ ಲೆಕ್ಕದಲ್ಲಿ ಗುತ್ತಿಗೆ. ದಿನವಿಡೀ ಕೆಸರಿನಲ್ಲಿ ಬಗ್ಗಿ ನಿಲ್ಲುವ ಕೆಲಸ ಅದು. ಹತ್ತಿ, ಮೆಣಸಿನಕಾಯಿ ಬಿಡಿಸುವುದಕ್ಕೂ ಹೀಗೇ ಗುಂಪು ಕಟ್ಟುತ್ತಾರೆ. ಆಟೊ, ಟ್ರ್ಯಾಕ್ಸು ಹತ್ತುವಾಗ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬುದು ದಿನಾ ಬೆಳಗ್ಗೆ ತೀರ್ಮಾನವಾಗುತ್ತದೆ. ಹಾಗೆ ನೋಡಿದರೆ ಕೂಲಿ ಹೆಣ್ಣುಮಗಳಿಗೆ ಪ್ರತಿ ಬೆಳಗೂ ಹೊಸ ಕೆಲಸದ ಮೊದಲ ದಿನ. ಗುಂಪಿನ ಗುತ್ತಿಗೆಯಾದ್ದರಿಂದ ನಿಧಾನ ಮಾಡುವವಳ ಪಾಲಿನ ಭಾರ ಜೊತೆಗಾತಿಯರ ಮೇಲೆ ಬೀಳುತ್ತದೆ, ಅದಕ್ಕೇ ಅವರಿಂದಲೂ ಬಸುರನ್ನು ಮುಚ್ಚಿಡಬೇಕಾಗುತ್ತದೆ. ಏಳನೇ ತಿಂಗಳಲ್ಲಿ ಊರಿಗೆಲ್ಲ ಹೇಳಿ ಹಸಿರು ಬಳೆ ತೊಡಿಸಿ ಕುಬುಸ ಮಾಡುವ ಸೀಮೆ ಇದು. ಬಸುರಿನ ಬಗ್ಗೆ ನಮ್ಮ ಜನಕ್ಕೆ ನಾಚಿಕೆಯಿಲ್ಲ. ನಾಳೆಯ ಕೂಲಿ ತಪ್ಪೀತೆಂಬ ಭಯವಿದೆ.

ಮುಚ್ಚಿಡುವುದಕ್ಕೆ ಬೆಲೆ ತೆರುವುದು ದೇಹ. ಮಾತ್ರೆ ತೆಗೆದುಕೊಳ್ಳಲು, ತಪಾಸಣೆಗೆ ಹೋಗಲು, ಭಾರ ಎತ್ತುವುದಿಲ್ಲ ಎನ್ನಲು ಒಂದು ಮಾತು ಹೇಳಬೇಕಾಗುತ್ತದೆ, ಆ ಮಾತೇ ನಿಷಿದ್ಧ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯ ಇತ್ತ ತಿರುಗಿತು, ಐವಿ ದ್ರಾವಣದ ಗುಣಮಟ್ಟದ ಪ್ರಶ್ನೆ ಎದ್ದಿತು. ಏಳಲೇಬೇಕಿದ್ದ ಪ್ರಶ್ನೆ. ಆದರೆ ನಮ್ಮ ತಾಯಂದಿರ ಆರೋಗ್ಯದ ಚರ್ಚೆ ಆಸ್ಪತ್ರೆಯ ಗೇಟಿನೊಳಗೇ ಸುತ್ತುತ್ತದೆ, ಹೆರಿಗೆಗೆ ಮುಂಚಿನ ತಿಂಗಳುಗಳನ್ನು ಅವರು ಎಲ್ಲಿ, ಹೇಗೆ ದುಡಿದು ಕಳೆದರು ಎಂದು ಕೇಳುವುದಿಲ್ಲ.

ಮಾಲೀಕರ ಕಡೆಯಿಂದಲೂ ನೋಡಬೇಕು. ಹದಿನೈದು ಜನ ಕೆಲಸ ಮಾಡುವ ಖಾಸಗಿ ಶಾಲೆಯೊಂದು ಒಬ್ಬ ಶಿಕ್ಷಕಿಗೆ 26 ವಾರ ಸಂಬಳ ಕೊಟ್ಟು, ಬದಲಿ ಶಿಕ್ಷಕಿಗೂ ಕೊಡಬೇಕು. ಪೂರ್ತಿ ಖರ್ಚು ಒಬ್ಬರ ಜೇಬಿನಿಂದಲೇ. ಹೀಗಿರುವಾಗ ‘ಗಂಡಸರಿದ್ದರೆ ನೋಡಿ’ ಎಂಬ ಮಾತು ಕೆಟ್ಟ ಮನಸ್ಸಿಲ್ಲದ ಬಾಯಿಂದಲೂ ಬರುತ್ತದೆ. ಇದನ್ನು ಸರ್ಕಾರ ಬಲ್ಲದು: 26ರಲ್ಲಿ 7 ವಾರಗಳ ವೇತನವನ್ನು ಮಾಲೀಕರಿಗೆ ಮರಳಿಸುವ ಯೋಜನೆಯನ್ನು ಕೇಂದ್ರ ಕಾರ್ಮಿಕ ಸಚಿವಾಲಯ 2018ರಲ್ಲಿ ಮುಂದಿಟ್ಟಿತ್ತು, ಅದು ಪ್ರಸ್ತಾಪವಾಗಿಯೇ ಉಳಿಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ ತಾಯ್ತನ ರಕ್ಷಣಾ ಒಪ್ಪಂದ ಎರಡು ಮಾತನ್ನು ಒಟ್ಟಿಗೇ ಹೇಳುತ್ತದೆ. ಕೆಲಸ ಕೇಳಿ ಬಂದವಳಿಗೆ ಬಸುರಿನ ಪರೀಕ್ಷೆ ಕೇಳಬಾರದು. ಹೆರಿಗೆ ಭತ್ಯೆಯ ಹೊರೆಯನ್ನು ಒಬ್ಬ ಮಾಲೀಕನ ಮೇಲೆ ಹೊರಿಸಬಾರದು. ಭಾರತ ಇದನ್ನು ಅನುಮೋದಿಸಿಲ್ಲ. ಜರ್ಮನಿಯಲ್ಲಿ ಎಲ್ಲ ಮಾಲೀಕರೂ, ಒಬ್ಬಳೇ ಒಬ್ಬ ಹೆಣ್ಣಾಳಿಲ್ಲದವರೂ, ಒಂದು ನಿಧಿಗೆ ವಂತಿಗೆ ಕಟ್ಟುತ್ತಾರೆ. ಹೆರಿಗೆ ರಜೆಯಲ್ಲಿ ಮಾಲೀಕ ಕೊಟ್ಟದ್ದನ್ನು ನಿಧಿ ಮರಳಿಸುತ್ತದೆ. ಯುರೋಪಿನ ನ್ಯಾಯಾಲಯ 2001ರಲ್ಲಿ ಡೆನ್ಮಾರ್ಕಿನ ಪ್ರಕರಣವೊಂದರಲ್ಲಿ, ಆರು ತಿಂಗಳ ಗುತ್ತಿಗೆಗೆ ಸೇರುವಾಗ ಬಸುರನ್ನು ಹೇಳಲಿಲ್ಲ ಎಂಬ ಕಾರಣಕ್ಕೂ ಕೆಲಸದಿಂದ ತೆಗೆಯುವಂತಿಲ್ಲ ಎಂದಿತು.

ನಮ್ಮಲ್ಲೂ ನ್ಯಾಯಾಲಯಗಳು ದಾರಿ ತೋರಿವೆ. ದೆಹಲಿ ಮಹಾನಗರ ಪಾಲಿಕೆಯ ದಿನಗೂಲಿ ಹೆಣ್ಣುಮಕ್ಕಳಿಗೂ ಹೆರಿಗೆ ಸೌಲಭ್ಯ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2000ದ ಮಾರ್ಚ್ 8ರಂದು ಹೇಳಿತು. ಆಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಕೂಡ್ಲಿಗಿಯಲ್ಲಿ ಹೆರಿಗೆ ರಜೆ ಕೇಳಿದ ಗುತ್ತಿಗೆ ಉದ್ಯೋಗಿಯೊಬ್ಬರನ್ನು 2019ರಲ್ಲಿ ಕೆಲಸದಿಂದ ತೆಗೆದಾಗ, ರಾಜ್ಯ ಹೈಕೋರ್ಟ್ ಅವರನ್ನು ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು. ಗುತ್ತಿಗೆಯ ಅವಧಿ ಮುಗಿದರೂ ಸೌಲಭ್ಯ ನಿಲ್ಲುವುದಿಲ್ಲ ಎಂಬ ತೀರ್ಪು 2023ರಲ್ಲಿ ಸುಪ್ರೀಂ ಕೋರ್ಟಿನಿಂದ ಬಂತು. ಆದರೆ ಕೋರ್ಟಿಗೆ ಹೋಗಲು ಕೆಲಸ ಸಿಕ್ಕಿರಬೇಕು, ಅದರ ಕಾಗದ ಕೈಯಲ್ಲಿರಬೇಕು. ಸಿಗದ ಕೆಲಸಕ್ಕೆ ಕಾಗದವಿರುವುದಿಲ್ಲ.

ಕರ್ನಾಟಕ ಮಾಡಬಹುದಾದದ್ದು ಇದೆ. ಸಂದರ್ಶನದಲ್ಲಿ, ಅರ್ಜಿ ನಮೂನೆಯಲ್ಲಿ ಬಸುರು, ಮುಟ್ಟು, ಮಗುವಿನ ಯೋಜನೆಯ ಪ್ರಶ್ನೆ ಕೇಳುವುದನ್ನು ರಾಜ್ಯದ ನಿಯಮದಲ್ಲೇ ದಂಡನೀಯ ಮಾಡಬೇಕು. ಸಣ್ಣ ಘಟಕಗಳಿಗೆ ವೇತನ ಮರಳಿಸುವ ಹೆರಿಗೆ ನಿಧಿಯೊಂದನ್ನು ಕಾರ್ಮಿಕ ಇಲಾಖೆ ಶುರು ಮಾಡಬೇಕು, ಬಳ್ಳಾರಿಯ ಜೀನ್ಸ್ ಘಟಕಗಳಿಂದಲೇ ಶುರು ಮಾಡಬಹುದು. ಇಎಸ್‌ಐನ ಒಂಬತ್ತು ತಿಂಗಳ ಕಾಯುವಿಕೆಯನ್ನು ಹೆರಿಗೆಯ ಮಟ್ಟಿಗೆ ಕೈಬಿಡಿ ಎಂದು ಕೇಂದ್ರವನ್ನು ಒತ್ತಾಯಿಸಬೇಕು. ನರೇಗಾ ಕಾಮಗಾರಿಯಲ್ಲಿ ಗರ್ಭಿಣಿಯರಿಗೆ ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಕೊಟ್ಟ ರಾಜ್ಯ ಇದು. ಬಸುರನ್ನು ಹೇಳಿಕೊಂಡರೆ ನಷ್ಟವಿಲ್ಲ ಎಂಬ ಏರ್ಪಾಡು ಅಸಾಧ್ಯವೇನಲ್ಲ.

ಅಲ್ಲಿಯವರೆಗೆ, ಈ ತಿಂಗಳು ಹೊಸ ಕೆಲಸಕ್ಕೆ ಹೊರಟಿರುವವರಿಗೆ ಉಪಯೋಗಕ್ಕೆ ಬರುವ ಕೆಲವು ಸಂಗತಿಗಳು. ಬಸುರನ್ನು ಸಂದರ್ಶನದಲ್ಲಿ ಹೇಳಲೇಬೇಕು ಎಂಬ ಕಾನೂನು ಇಲ್ಲ. ಸೇರುವಾಗಲೇ ಹೆರಿಗೆ ಸೌಲಭ್ಯಗಳೇನು ಎಂದು ಬರಹದಲ್ಲಿ ತಿಳಿಸುವುದು 2017ರಿಂದ ಮಾಲೀಕರ ಕರ್ತವ್ಯ. ಆ ಕಾಗದ, ನೇಮಕಾತಿ ಪತ್ರ, ಮೊದಲ ತಿಂಗಳ ಸಂಬಳದ ಚೀಟಿ ಜೋಪಾನವಾಗಿರಲಿ. ಕೆಲಸಕ್ಕೆ ಸೇರಿದ ದಿನಕ್ಕೆ ಅವೇ ಸಾಕ್ಷಿ. ಗರ್ಭಪಾತವಾದರೆ ಆರು ವಾರ ವೇತನಸಹಿತ ರಜೆಗೆ ಅವಕಾಶವಿದೆ. ಹಿಂದೆ ಬೇರೆಲ್ಲಾದರೂ, ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೇ ಆಗಲಿ, ಇಎಸ್‌ಐ ಕಟ್ಟಿದ್ದರೆ ಆ ಹಳೆಯ ವಿಮಾ ಸಂಖ್ಯೆಯನ್ನೇ ಹೊಸ ಕಡೆ ಕೊಡಬೇಕು. ಒಂಬತ್ತು ತಿಂಗಳು ಕಾಯಬೇಕಾದದ್ದು ಮೊದಲ ಸಲ ಸೇರುವವರು ಮಾತ್ರ. ಹಳೆಯ ಸಂಖ್ಯೆಯಲ್ಲಿ ಹಿಂದಿನ ಮಾಲೀಕರ ಬಳಿ ದುಡಿದ ದಿನಗಳೂ ಆ 70ರೊಳಗೆ ಲೆಕ್ಕಕ್ಕೆ ಬರುತ್ತವೆ.