ಸಾಲ ಹೋಯಿತು, ಬೋಜಾ ಹೋಗಲಿಲ್ಲ



ನಮ್ಮ ಭಾತಂಬ್ರಾ ಕಡೆಯ ಒಬ್ಬ ರೈತ ದಿವಾಳಿಯಿಂದ ಬಿಡುಗಡೆಯಾದ ಕೋರ್ಟಿನ ಆದೇಶ ಹಿಡಿದುಕೊಂಡು ಊರಿಗೆ ಬಂದ. ಇನ್ನು ಯಾರ ಕಾಟವೂ ಇಲ್ಲ ಎಂದು ಮನೆ ಮಾರಲು ಹೊರಟ. ಗಿರಾಕಿ ಭಾಲ್ಕಿಗೆ ಹೋಗಿ ಇ.ಸಿ. ತೆಗೆಸಿದರೆ ಗಿರವಿ ಹಾಗೇ ಕುಂತಿದೆ! ಗಿರಾಕಿ ತಿರುಗಿ ನೋಡಲಿಲ್ಲ. "ಸಾಲ ಮುಗೀತು ಅಂತ ಜಡ್ಜ್ ಸಾಹೇಬರೇ ಬರೆದಾರಲ್ಲ, ಇದೆಂಥಾ ನ್ಯಾಯ?" ಎಂದು ಆತ ಕೇಳಿದ. ಈ ಪ್ರಶ್ನೆಗೆ ಉತ್ತರ ನಮಗೆಲ್ಲ ಗೊತ್ತಿರಬೇಕು.

ನಮ್ಮಂಥವರ ದಿವಾಳಿಗೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. 2016ರ ಹೊಸ ಸಂಹಿತೆಯ ವ್ಯಕ್ತಿಗಳ ಭಾಗವನ್ನು 2019ರಲ್ಲಿ ಕಂಪನಿಗಳ ಜಾಮೀನುದಾರರಿಗೆ ಮಾತ್ರ ಜಾರಿ ಮಾಡಿದರು. ಹಳೆ ಕಾಯ್ದೆಯ ಬಿಡುಗಡೆ ಆದೇಶ ನಿಮ್ಮ ಮೈಮೇಲಿನ ಸಾಲವನ್ನು ತೆಗೆಯುತ್ತದೆ. ಆದರೆ ಮನೆಯ ಮೇಲಿನ ಗಿರವಿಯನ್ನು ಅದು ಮುಟ್ಟುವುದಿಲ್ಲ.

"ಒಕ್ಕಲುತನ ಮಾಡುವವನ ಮನೆ ಜಪ್ತಿ ಮಾಡಂಗಿಲ್ಲ" ಎಂದು ಕೆಲವರು ಧೈರ್ಯ ಹೇಳುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಹಾಗಿರುವುದು ಖರೆ. ಆದರೆ ನಾವೇ ಕೈಯಾರೆ ಗಿರವಿ ಬರೆದುಕೊಟ್ಟ ಮನೆಯನ್ನು ಅದು ಕಾಯುವುದಿಲ್ಲ. 2002ರ ಸರ್ಫೇಸಿ ಕಾಯ್ದೆ ಬೇಸಾಯದ ಹೊಲವನ್ನು ಬಿಟ್ಟಿದೆ, ಮನೆಯನ್ನು ಬಿಟ್ಟಿಲ್ಲ. 60 ದಿನದ ನೋಟೀಸು ಕೊಟ್ಟು, ಡಿಕ್ರಿ ಇಲ್ಲದೆಯೇ ಬ್ಯಾಂಕು ಮನೆ ಲಿಲಾವಿಗೆ ಇಡಬಹುದು.

ಹಾಗಾದರೆ ಬಿಡುಗಡೆಯಿಂದ ಲಾಭವೇ ಇಲ್ಲವೇ? ಇದೆ. ಲೆಕ್ಕ ಹಾಕಿ ನೋಡ್ರಿ. ಗಿರವಿ ಬಾಕಿ 6 ಲಕ್ಷ, ಮನೆ 9 ಲಕ್ಷಕ್ಕೆ ಹೋಯಿತು ಅನ್ನಿ. ಮೊದಲು 6 ಲಕ್ಷ ಬ್ಯಾಂಕಿಗೆ, ಉಳಿದದ್ದು ನಿಮಗೆ. 5 ಲಕ್ಷಕ್ಕೇ ಹೋದರೆ ಕಡಿಮೆ ಬಿದ್ದ 1 ಲಕ್ಷಕ್ಕೆ ನಿಮ್ಮ ಬೆನ್ನು ಹತ್ತುವಂತಿಲ್ಲ. ಆದರೆ ಜಾಮೀನು ನಿಂತ ಅಣ್ಣನನ್ನೋ ಬೀಗನನ್ನೋ ನಿಮ್ಮ ಬಿಡುಗಡೆ ಬಿಡಿಸುವುದಿಲ್ಲ, ಇದು ನೆನಪಿರಲಿ.

ಆದ್ದರಿಂದ ಮಾರುವುದೇ ಆದರೆ ಲಿಲಾವಿಗೆ ಮೊದಲು ನೀವೇ ಮಾರ್ರಿ. ಲಿಲಾವಿನಲ್ಲಿ ಬೆಲೆ ಬರುವುದಿಲ್ಲ. ಮನೆ ರಿಸೀವರನ ಕೈಯಲ್ಲಿಲ್ಲ ಎಂಬುದನ್ನು ಕೋರ್ಟಿನ ಕಾಗದದಿಂದ ಖಾತ್ರಿ ಮಾಡಿಕೊಳ್ಳಿರಿ. ಬಾಕಿ ಎಷ್ಟೆಂದು ಬ್ಯಾಂಕಿನಿಂದ ಬರಹದಲ್ಲಿ ಪಡೆಯಿರಿ. ಗಿರಾಕಿಯಿಂದ ಗಿರವಿ ಮುಚ್ಚಿಡಬ್ಯಾಡ್ರಿ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಅದನ್ನು ಒಪ್ಪುವುದಿಲ್ಲ. ಗಿರಾಕಿ ನೇರವಾಗಿ ಸಾಲದ ಖಾತೆಗೆ ಹಣ ಕಟ್ಟಲಿ. ಗಿರವಿ ಬಿಡುಗಡೆ ಪತ್ರ ನೋಂದಣಿಯಾಗಿ, ಬೋಜಾ ಇಳಿದ ಮೇಲೆ ಖರೀದಿ ಪತ್ರಕ್ಕೆ ಸಹಿ ಹಾಕಿರಿ. ಬಾಯಿಮಾತು ನಂಬಿ ಕೆಟ್ಟವರು ಬಹಳ.

ಇನ್ನು ಸರಕಾರಕ್ಕೆ ನಮ್ಮ ಮಾತು. ಮನೆಸಾಲದಂಥ ವೈಯಕ್ತಿಕ ಸಾಲ ತೀರಿದ 30 ದಿನದೊಳಗೆ ಆಸ್ತಿ ಕಾಗದ ಮರಳಿಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಎಂದು ರಿಜರ್ವ್ ಬ್ಯಾಂಕು 2023ರಲ್ಲಿ ನಿಯಮ ಮಾಡಿತು. ಪಟ್ಟಣದ ನೌಕರನಿಗೆ ಸಿಕ್ಕ ಈ ನ್ಯಾಯ ಬೋರಿಗೆ, ಟ್ರ್ಯಾಕ್ಟರಿಗೆ ಸಾಲ ಮಾಡಿದ ರೈತನಿಗೆ ಏಕಿಲ್ಲ? 2018ರ ಸಾಲಮನ್ನಾ ಕೂಡ ಬೆಳೆಸಾಲಕ್ಕಷ್ಟೇ ಇತ್ತು. ಮನೆ ಒತ್ತೆಯಿಟ್ಟು ತಂದ ಸಾಲ ಹಾಗೇ ಉಳಿಯಿತು.

1980ರ ದಶಕದಲ್ಲಿ ಜಪ್ತಿಯಾದ ಸಾಮಾನುಗಳನ್ನು ರೈತ ಸಂಘ ಮರುಜಪ್ತಿ ಮಾಡಿ ಮನೆಗೆ ತಂದಿತು. ಆದರೆ ನಮ್ಮ ಸಹಿಯಿಂದಲೇ ಹೋದ ಮನೆಗೆ ಮರುಜಪ್ತಿ ಇಲ್ಲ. ತೊಗರಿಗೆ, ಸೋಯಾಕ್ಕೆ ಖರ್ಚಿನ ಮೇಲೆ ನ್ಯಾಯವಾದ ಬೆಲೆ ಸಿಕ್ಕರೆ ಯಾವ ರೈತನೂ ಗಿರವಿಗೆ ಹೋಗುವುದಿಲ್ಲ. ಆ ಬೆಲೆಗಾಗಿ ಒಂದಾಗಿ ಹೋರಾಡೋಣ. ಅಲ್ಲಿಯವರೆಗೆ ಒಂದು ಮಾತು: ಬೇಸಾಯದ ಸಾಲಕ್ಕೆ ಮಕ್ಕಳು ಮಲಗುವ ಮನೆಯನ್ನು ಬರೆದುಕೊಡಬ್ಯಾಡ್ರಿ.