ಒಂದೇ ಜ್ವರ, ಎರಡು ಸೋಂಕು

ಮಳೆ ಹಿಡಿದರೆ ಸಾಕು, ಹುಮನಾಬಾದ್, ಬಸವಕಲ್ಯಾಣದ ಕ್ಲಿನಿಕ್‌ಗಳ ಮುಂದೆ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡ ತಾಯಂದಿರ ಸಾಲು. ಸಂಜೆ ಹೊತ್ತಿಗೆ ಚೀಟಿ ಕೈಗೆ ಬರುತ್ತದೆ: ‘ವಿಡಾಲ್ ಪಾಸಿಟಿವ್’. ಟೈಫಾಯಿಡ್ ಅಂತೆ, ಅಷ್ಟೇ ಅಲ್ವಾ ಎಂದು ನಾವು ಮನೆಗೆ ಹೋಗಿಬಿಡುತ್ತೇವೆ. ತೊಡಕು ಶುರುವಾಗುವುದೇ ಅಲ್ಲಿಂದ.

ವಿಡಾಲ್ ಪತ್ತೆ ಮಾಡುವುದು ರೋಗಾಣುವನ್ನಲ್ಲ, ರಕ್ತದಲ್ಲಿರುವ ಪ್ರತಿಕಾಯಗಳನ್ನು. ಹಳೆಯ ಸೋಂಕಿನಿಂದಲೂ, ಬೇರೆ ಜ್ವರದಿಂದಲೂ ಅದು ಪಾಸಿಟಿವ್ ತೋರಿಸಬಹುದು. ಖಚಿತವಾಗಬೇಕಾದರೆ ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲೇ ರಕ್ತದ ಕಲ್ಚರ್ ಆಗಬೇಕು. ಇನ್ನು ಟೈಫಾಯಿಡ್ ನಿಜವಾಗಿಯೂ ಇದ್ದರೂ ಜೊತೆಗೆ ಡೆಂಗಿ ಇರಬಾರದೆಂದೇನಿಲ್ಲ. ಒಂದು ನೀರಿನಿಂದ, ಇನ್ನೊಂದು ಸೊಳ್ಳೆಯಿಂದ. ಮಳೆಗಾಲದಲ್ಲಿ ಎರಡೂ ಒಂದೇ ಮನೆಗೆ ಬರುತ್ತವೆ. 2024ರ ಸೆಪ್ಟೆಂಬರ್‌ನಲ್ಲಿ ಸರಕಾರವೇ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿತ್ತು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಟೈಫಾಯಿಡ್ ಮದ್ದು ತಾಗಿತು ಎಂದು ನಾವು ನಿರಾಳವಾಗಿರುವಾಗಲೇ ಮಗುವಿಗೆ ಹೊಟ್ಟೆನೋವು, ನಿಲ್ಲದ ವಾಂತಿ, ತಣ್ಣಗಾದ ಕೈಕಾಲು. ಪರೀಕ್ಷೆಗೂ ಒಂದು ಸಮಯವಿದೆ: ಎನ್‌ಎಸ್-1 ಮೊದಲ 5 ದಿನಗಳಲ್ಲಿ, ಐಜಿಎಂ ಅದರ ನಂತರ. ಜ್ವರ ಬಂದು ಎಷ್ಟು ದಿನವಾಯಿತೆಂದು ತಪ್ಪು ಹೇಳಿದರೆ ರಿಪೋರ್ಟ್ ಕೂಡ ತಪ್ಪು ದಾರಿ ಹಿಡಿಸುತ್ತದೆ.

ಮಂತ್ರಿಸಿದ ನೀರು ಬೇಡವೆಂದು ನಾವು ಹೇಳುವುದಿಲ್ಲ, ಓದಿ ಊದಿ ಕೊಡುವವರು ನಾವೇ. ಅದನ್ನು ಕುಡಿಸಿ ಮೂರು ದಿನ ಕಾಯುವುದು ಮಾತ್ರ ಬೇಡ.

2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ಸಿಕ್ಕಿದಾಗ ಎಷ್ಟು ಗಾಬರಿಯಾಯಿತು! ಅದು ಸಿಕ್ಕಿದ್ದು ಹಲವು ವೈರಸ್‌ಗಳನ್ನು ಹುಡುಕುವ ಐಸಿಎಂಆರ್‌ನ ಮಾಮೂಲಿ ಕಣ್ಗಾವಲಿನಲ್ಲಿ. ಅಂಥ ಪರೀಕ್ಷೆಯನ್ನು ಪ್ರತಿ ತಾಲೂಕಿನಲ್ಲಿ ನಿರೀಕ್ಷಿಸುವಂತಿಲ್ಲ; ಮೂಗಿನಲ್ಲಿ ವೈರಸ್ ಸಿಕ್ಕಿದ ಮಾತ್ರಕ್ಕೆ ಕಾಯಿಲೆಗೆ ಅದೇ ಕಾರಣವೆನ್ನುವಂತೆಯೂ ಇಲ್ಲ. ನಮ್ಮ ಮಟ್ಟಿಗೆ ಉಪಯೋಗವಾಗುವುದು ಸರಕಾರಿ ಆರೋಗ್ಯ ಕೇಂದ್ರಗಳ ಐಎಂಎನ್‌ಸಿಐ ಪದ್ಧತಿಯೇ. ಭೇದಿಯೆಂದು ಬಂದ ಮಗುವಿನಲ್ಲೂ ಕೆಮ್ಮು, ಜ್ವರ, ಪೌಷ್ಟಿಕತೆ ಎಲ್ಲ ನೋಡಬೇಕು, ಮೊದಲ ಉತ್ತರ ಸಿಕ್ಕಿತೆಂದು ನಿಲ್ಲುವಂತಿಲ್ಲ. ವರ್ಷ ದಾಟಿದ ಮಗು ನಿಮಿಷಕ್ಕೆ 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ನ್ಯುಮೋನಿಯಾ ಶಂಕೆ. ಗಡಿಯಾರ ನೋಡಿ ಎಣಿಸಲು ಮಿಷನ್ ಬೇಕಿಲ್ಲ.

ಈ ಕಡೆ ನೆಲೆಸಿದ ಬ್ಯಾರಿ ಕುಟುಂಬಗಳು ಮರೆಯುವ ಮಾತೊಂದಿದೆ. ರಜೆಗೆ ಮಂಗಳೂರಿಗೆ ಹೋಗಿ ಬಂದ ಮಗುವಿಗೆ ಜ್ವರವಾದರೆ ಅದನ್ನು ಡಾಕ್ಟರರಿಗೆ ಹೇಳಲೇಬೇಕು. ಒಂದು ಕಾಲದಲ್ಲಿ ರಾಜ್ಯದ ಮಲೇರಿಯಾದಲ್ಲಿ ದೊಡ್ಡ ಪಾಲು ಮಂಗಳೂರಿನದೇ. ಈಗ ಇಳಿದಿದ್ದರೂ ಹುಮನಾಬಾದಿನ ಡಾಕ್ಟರರಿಗೆ ಮಲೇರಿಯಾ ನೆನಪಾಗುವುದು ನಾವು ಊರಿನ ಹೆಸರು ಹೇಳಿದರೆ ತಾನೇ? ಡೆಂಗಿ ಪಾಸಿಟಿವ್ ಬಂದಿದ್ದರೂ ಕೇಳಿ, ‘ಮಲೇರಿಯಾಕ್ಕೂ ರಕ್ತ ನೋಡ್ತೀರಾ ಸಾರ್?’