ಫೋಟೊಗಾಗಿ ಇನ್ನೊಮ್ಮೆ

ಕಳೆದ ರಂಜಾನ್‌ನಲ್ಲಿ ನಮ್ಮ ಕಾಲೇಜಿನಲ್ಲಿ ನಡೆದ ಕಿಟ್ ವಿತರಣೆಯ ಫೋಟೊ ಈ ಪತ್ರಿಕೆಯಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಹಿರಿಯ ಮಹಿಳೆಯೊಬ್ಬರು ಅತಿಥಿಗಳ ಕೈಯಿಂದ ಕಿಟ್ ಪಡೆಯುತ್ತಿದ್ದಾರೆ, ಮುಖದಲ್ಲಿ ನಗು. ಕೆಳಗೆ ‘ಕಿಟ್ ಪಡೆದ ಸಂತಸ’ ಎಂಬ ಅಡಿಬರಹ. ಆ ಫೋಟೊ ತೆಗೆದವನು ನಾನು, ಅಡಿಬರಹ ಬರೆದವನೂ ನಾನೇ. ಫೋಟೊ ಚೆನ್ನಾಗಿ ಬಂದಿದೆ ಎಂದು ಹಲವರು ಹೇಳಿದರು. ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಈಗ ನಾನೇ ಹೇಳುತ್ತೇನೆ.

ಅಂದು ಅತಿಥಿಗಳು ಬರುವುದು ತಡವಾಯಿತು. ಇಫ್ತಾರ್‌ಗೆ ಮುಂಚೆ ಮನೆ ಸೇರಬೇಕಾದವರನ್ನು ಕಾಯಿಸುವುದು ಬೇಡವೆಂದು ಕಿಟ್‌ಗಳನ್ನು ಮೊದಲೇ ಕೊಟ್ಟು ಮುಗಿಸಿದ್ದೆವು. ಅತಿಥಿಗಳು ಬಂದಾಗ, ಗೇಟಿನ ಹತ್ತಿರ ಆಟೊ ಕಾಯುತ್ತಿದ್ದ ಆ ಖಾಲಾರನ್ನು ವಾಪಸ್ ಕರೆದೆವು. ಅವರ ಕಿಟ್ಟನ್ನು ಅವರಿಂದಲೇ ತೆಗೆದುಕೊಂಡು ಅತಿಥಿಗಳ ಕೈಗೆ ಕೊಟ್ಟೆವು. ಅವರು ಸೆರಗನ್ನು ಮುಂದಕ್ಕೆ ಎಳೆದುಕೊಂಡರು. “ಮುಖ ಕಾಣ್ತಿಲ್ಲ ಖಾಲಾ, ಸ್ವಲ್ಪ ಸರಿಸಿ. ಸ್ವಲ್ಪ ನಗಿ” ಅಂದೆ. “ಇದು ಎಲ್ಲಿ ಬರುತ್ತೆ ಬೇಟಾ?” ಎಂದು ಕೇಳಿದರು. “ಕಾಲೇಜ್ ಪತ್ರಿಕೇಲಿ” ಅಂದೆ. ಅವರು ಮತ್ತೇನೂ ಹೇಳಲಿಲ್ಲ. ಮೂರು ಸಲ ಕಿಟ್ ತೆಗೆದುಕೊಂಡರು, ಮೂರು ಸಲ ನಕ್ಕರು.

ಹಾಗಾದರೆ ನನ್ನ ಫೋಟೊ ಸುಳ್ಳೇ? ಕಿಟ್ ನಿಜ, ಅದರಲ್ಲಿದ್ದ ಅಕ್ಕಿ, ಬೇಳೆ, ಖರ್ಜೂರ ನಿಜ. ಅದು ಅವರಿಗೆ ತಲುಪಿದ್ದೂ ನಿಜ. ಆದರೆ ಫೋಟೊದಲ್ಲಿ ಕಾಣುವ ಆ ಕ್ಷಣ ನಡೆದದ್ದು ಕ್ಯಾಮೆರಾಕ್ಕಾಗಿ ಮಾತ್ರ. ಈ ಪ್ರಶ್ನೆ ಕಾಡತೊಡಗಿದ ಮೇಲೆ ಛಾಯಾಗ್ರಹಣದ ಇತಿಹಾಸವನ್ನು ಸ್ವಲ್ಪ ಓದಿದೆ. ಇಂಥ ಚಿತ್ರಗಳು ಫೋನ್ ಬಂದ ಮೇಲೆ ಹುಟ್ಟಿದವಲ್ಲ ಎಂದು ಆಗ ತಿಳಿಯಿತು.

1840ರಲ್ಲೇ ಫ್ರಾನ್ಸಿನ ಇಪ್ಪೊಲಿಟ್ ಬಯಾರ್ ತಾನು ನೀರಿನಲ್ಲಿ ಮುಳುಗಿ ಸತ್ತಂತೆ ನಟಿಸಿ ತನ್ನದೇ ಚಿತ್ರ ತೆಗೆದುಕೊಂಡ. ಫೋಟೊ ತೆಗೆಯುವ ವಿಧಾನವೊಂದನ್ನು ಆತನೂ ಕಂಡುಹಿಡಿದಿದ್ದ. ಆದರೆ ಸರ್ಕಾರದ ಮನ್ನಣೆಯೆಲ್ಲ ಡಾಗೇರ್‌ಗೆ ಸಿಕ್ಕಿತು. ಆ ಚಿತ್ರ ಅವನ ಪ್ರತಿಭಟನೆಯಾಗಿತ್ತು. ಸತ್ತವನು ತನ್ನ ಫೋಟೊ ತಾನೇ ತೆಗೆಯಲಾರ ಎಂಬುದು ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಅದು ಕಟ್ಟುಕತೆ, ಆದರೆ ಅದರಿಂದ ಯಾರಿಗೂ ಮೋಸವಾಗಲಿಲ್ಲ. ಅವನು ಬಳಸಿಕೊಂಡದ್ದೂ ತನ್ನ ದೇಹವನ್ನೇ.

ಇನ್ನೊಂದು ಚಿತ್ರ ನಮ್ಮ ದೇಶದ್ದು. 1857ರ ನವೆಂಬರ್‌ನಲ್ಲಿ ಲಖನೌದ ಸಿಕಂದರ್ ಬಾಗ್‌ನಲ್ಲಿ ಬ್ರಿಟಿಷ್ ಸೇನೆ ಸುಮಾರು 2000 ಸಿಪಾಯಿಗಳನ್ನು ಕೊಂದಿತು. ಫೆಲಿಸ್ ಬಿಯಾಟೊ ಎಂಬ ಛಾಯಾಗ್ರಾಹಕ ಅಲ್ಲಿಗೆ ಬಂದದ್ದು ಕೆಲವು ತಿಂಗಳ ನಂತರ, 1858ರಲ್ಲಿ. ಆದರೂ ಅವನ ಚಿತ್ರದಲ್ಲಿ ಪಾಳುಬಿದ್ದ ಕಟ್ಟಡದ ಮುಂದೆ ಅಂಗಳದ ತುಂಬ ತಲೆಬುರುಡೆಗಳೂ ಮೂಳೆಗಳೂ ಹರಡಿವೆ. ಚಿತ್ರಕ್ಕಾಗಿಯೇ ಅವನ್ನು ಹೊರತೆಗೆದು ಹರಡಲಾಗಿತ್ತು ಎನ್ನುತ್ತಾರೆ ಇತಿಹಾಸಕಾರರು. ಹತ್ಯಾಕಾಂಡ ನಿಜ. ಮೂಳೆಗಳೂ ನಿಜ. ಆದರೆ ಆ ದೃಶ್ಯವನ್ನು ಜೋಡಿಸಲಾಗಿತ್ತು. ನಿಜ ಮತ್ತು ಕಲ್ಪನೆ ಒಂದೇ ಚೌಕಟ್ಟಿನಲ್ಲಿ ಬೆರೆತದ್ದು ಹೀಗೆ.

ಈ ಚಿತ್ರದ ಬಗ್ಗೆ ಓದುವಾಗ ನನಗೆ ಆ ಖಾಲಾ ನೆನಪಾದರು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಸಿಕಂದರ್ ಬಾಗ್‌ನಲ್ಲಿ ಸತ್ತವರಿಗೆ ಬೇಡ ಎನ್ನುವ ಬಾಯಿ ಇರಲಿಲ್ಲ. ನಮ್ಮ ಖಾಲಾರಿಗೆ ಬಾಯಿ ಇತ್ತು, ಆದರೆ ಅವರ ಕಿಟ್ ಆಗ ನಮ್ಮ ಕೈಯಲ್ಲಿತ್ತು.

ನಿಲ್ಲಿಸಿ ತೆಗೆದ ಫೋಟೊಗಳೆಲ್ಲ ತಪ್ಪು ಎಂಬುದು ನನ್ನ ವಾದವಲ್ಲ. ವರ್ಷದ ಕೊನೆಯ ಗ್ರೂಪ್ ಫೋಟೊದಲ್ಲಿ ಎತ್ತರದವರು ಹಿಂದೆ, ಉಪನ್ಯಾಸಕರು ಕುರ್ಚಿಯಲ್ಲಿ. ಅದು ಜೋಡಿಸಿದ್ದೆಂದು ಎಲ್ಲರಿಗೂ ಗೊತ್ತು. ತಪ್ಪು ಶುರುವಾಗುವುದು, ಜೋಡಿಸಿದ್ದನ್ನು ತಾನಾಗಿ ನಡೆದದ್ದೆಂದು ತೋರಿಸಿದಾಗ. ಹಾಗಾಗಿ ಹೆಚ್ಚಿನ ಸುಳ್ಳು ಇರುವುದು ಅಡಿಬರಹದಲ್ಲಿ. ‘ಸಂತಸ’ ಎಂಬ ಪದ ಖಾಲಾರದ್ದಲ್ಲ, ನನ್ನದು.

ಇದರಿಂದ ಇನ್ನೊಂದು ನಷ್ಟವೂ ಇದೆ. 1945ರ ಫೆಬ್ರವರಿ 23ರಂದು ಇವೊ ಜಿಮಾ ದ್ವೀಪದಲ್ಲಿ ಅಮೆರಿಕದ ಸೈನಿಕರು ಬಾವುಟ ಏರಿಸುವ ಪ್ರಸಿದ್ಧ ಚಿತ್ರವನ್ನು ಜೋ ರೋಸೆಂತಾಲ್ ತೆಗೆದರು. ಅದೇ ದಿನ ಬಾವುಟದ ಕೆಳಗೆ ಸೈನಿಕರನ್ನು ನಿಲ್ಲಿಸಿ ಗ್ರೂಪ್ ಫೋಟೊ ಕೂಡ ತೆಗೆದಿದ್ದರು. ನಿಲ್ಲಿಸಿ ತೆಗೆದದ್ದೇ ಎಂದು ಯಾರೋ ಕೇಳಿದಾಗ, ಗ್ರೂಪ್ ಫೋಟೊ ಬಗ್ಗೆ ಕೇಳುತ್ತಿದ್ದಾರೆಂದು ಭಾವಿಸಿ ಹೌದು ಎಂದುಬಿಟ್ಟರು. ಬಾವುಟ ಏರಿದ್ದು ತಾನಾಗಿಯೇ ಎಂಬುದಕ್ಕೆ ಚಲನಚಿತ್ರದ ದಾಖಲೆಯಿದ್ದರೂ ಅನುಮಾನ ದಶಕಗಳ ಕಾಲ ಬಿಡಲಿಲ್ಲ. ಜೋಡಿಸಿದ ಚಿತ್ರಗಳು ಹೆಚ್ಚಿದಷ್ಟೂ ನಿಜವಾದ ಚಿತ್ರವನ್ನು ನಂಬುವವರು ಕಡಿಮೆಯಾಗುತ್ತಾರೆ. ನಾಳೆ ಎಲ್ಲೋ ಅನ್ಯಾಯ ನಡೆದು ಯಾರೋ ನಿಜವಾದ ಫೋಟೊ ತೆಗೆದರೂ ‘ಇದೂ ನಾಟಕ’ ಎಂದು ತಳ್ಳಿಹಾಕುವುದು ಸುಲಭ.

“ದಾನಿಗಳಿಗೆ ಲೆಕ್ಕ ತೋರಿಸಬೇಡವೇ?” ಎಂದು ಗೆಳೆಯರು ಕೇಳುತ್ತಾರೆ. ಖಂಡಿತ ತೋರಿಸಬೇಕು. ಬಿಲ್ ಇದೆ, ಕಿಟ್‌ಗಳ ಸಂಖ್ಯೆ ಇದೆ. ಸಭಾಂಗಣದಲ್ಲಿ ಸಾಲಾಗಿ ಇಟ್ಟ ಕಿಟ್‌ಗಳ ಫೋಟೊ, ರಾತ್ರಿ ಕೂತು ಅವನ್ನು ಕಟ್ಟಿದ ನಮ್ಮ ಫೋಟೊ ಹಾಕಬಹುದು. ಲೆಕ್ಕಕ್ಕೆ ಬಡವರ ಮುಖ ಬೇಕಿಲ್ಲ. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯದಂತೆ ಕೊಡಬೇಕೆಂದು ಮದ್ರಸದಲ್ಲಿ ಕಲಿತವರು ನಾವು. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂಬ ಸೂರಃ ಅಲ್ ಹುಜುರಾತ್‌ನ ಪಾಠವನ್ನು ವಾಟ್ಸ್ಆ್ಯಪ್ ಫಾರ್ವರ್ಡ್ ಕಳಿಸುವವರಿಗೆ ನೆನಪಿಸುತ್ತೇವೆ. ಸುದ್ದಿ ತಯಾರಿಸುವವರು ನಾವೇ ಆದಾಗ ಅದು ನಮಗೂ ಅನ್ವಯಿಸಬೇಕು.

ಆದ್ದರಿಂದ ಸಂಪಾದಕ ಮಂಡಳಿಗೆ ನನ್ನ ಕೋರಿಕೆ ಎರಡು. ಒಂದು, ನೆರವು ಪಡೆಯುವವರ ಮುಖ ಈ ಪತ್ರಿಕೆಯಲ್ಲಿ ಇನ್ನು ಬರುವುದು ಬೇಡ. ಎರಡು, ಕ್ಯಾಮೆರಾಕ್ಕಾಗಿ ಏನನ್ನಾದರೂ ಮತ್ತೊಮ್ಮೆ ಮಾಡಿಸಿದ್ದರೆ, ಅದು ಸಸಿ ನೆಡುವುದೇ ಇರಲಿ, ಬಹುಮಾನ ಕೊಡುವುದೇ ಇರಲಿ, ‘ಫೋಟೊಗಾಗಿ’ ಎಂಬ ಒಂದು ಪದ ಅಡಿಬರಹದಲ್ಲಿ ಸೇರಲಿ. ಅದಕ್ಕೆ ಹೆಚ್ಚು ಜಾಗವೇನೂ ಬೇಡ.

ಖಾಲಾರ ಫೋಟೊ ನನ್ನ ಫೋನಿನಲ್ಲಿ ಇನ್ನೂ ಇತ್ತು, ಮೂರು ಪ್ರತಿಗಳಲ್ಲಿ. ಇದನ್ನು ಬರೆಯಲು ಕೂರುವ ಮುಂಚೆ ಮೂರನ್ನೂ ಅಳಿಸಿದೆ. ಅಚ್ಚಾದದ್ದನ್ನು ಅಳಿಸಲಾಗದು. ಅದಕ್ಕೇ ಇದನ್ನು ಅದೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.